ಒಂದು ಚೌಕ ಕೆಳಗೆ

ಒದ್ದೆ ಹೊದಿಕೆಯ ಒಂದು ತುದಿಯನ್ನು ನಲ್ಲಿಯ ಕೊರಳಿಗೆ ಸುತ್ತಿ, ಇನ್ನೊಂದು ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ರಫೂ ಅಮ್ಮ ಹಿಂಡುತ್ತಿದ್ದಳು. ಹರಿದ ಬಟ್ಟೆಗೆ ನೂಲು ಕೂಡಿಸಿ ರಫೂ ಮಾಡಿಕೊಡುವುದರಿಂದ ಬೀದಿಯವರು ಇಟ್ಟ ಹೆಸರು ಅದು. ದಪ್ಪ ಹೊದಿಕೆ ಹಿಂಡುವುದು ಇಬ್ಬರ ಕೆಲಸ. ಒಬ್ಬರು ಬಲಕ್ಕೆ ತಿರುವಿದರೆ ಇನ್ನೊಬ್ಬರು ಎಡಕ್ಕೆ ತಿರುವಬೇಕು. ಎದುರು ನಿಂತು ಹಿಡಿಯುವವರು ಹೋದ ಮೇಲೆ ನಲ್ಲಿಯೇ ಆ ಕೆಲಸಕ್ಕೆ ನಿಂತಿತ್ತು. ಅದಕ್ಕೆ ತಿರುವಲು ಬಾರದು, ಆದರೆ ಕೈ ಬಿಡುವುದಂತೂ ಇಲ್ಲ. ನೀರು ಮೊಣಕೈ ದಾಟಿ ಸೆರಗಿಗೆ ಇಳಿಯುತ್ತಿದ್ದಾಗ ಒಳಗೆ ಫೋನು ಹೊಡೆದುಕೊಳ್ಳತೊಡಗಿತು.

ಬಿಟ್ಟು ಹೋದರೆ ಹೊದಿಕೆ ಬಿಚ್ಚಿಕೊಂಡು ಮತ್ತೆ ಬಕೆಟ್ಟಿಗೆ ಬೀಳುತ್ತದೆ. ಹೊಡೆದುಕೊಳ್ಳಲಿ ಎಂದು ಸುಮ್ಮನಾದಳು. ಫೋನು ನಿಂತಿತು, ಉಸಿರು ತೆಗೆದುಕೊಂಡು ಮತ್ತೆ ಶುರುಮಾಡಿತು. ಹೀಗೆ ಬೆನ್ನು ಬಿಡದೆ ಕೂಗುವವರು ಅವಳಿಗೆ ಇದ್ದದ್ದೇ ಇಬ್ಬರು. ಒಬ್ಬಳು ದೊಡ್ಡ ನಾದಿನಿ, ಇನ್ನೊಬ್ಬಳು ಆಟದ ಕಂಪನಿಯ ಹುಡುಗಿ.

ಹುಡುಗಿಯೇ.

"ಅಮ್ಮಾ, ನಾನು. ಕೆಲಸದಲ್ಲಿದ್ರಾ?"

"ಹೊದಿಕೆ ಹಿಂಡ್ತಿದ್ದೆ ಕಣಮ್ಮ. ಅರ್ಧ ನಾನು ಹಿಡ್ಕೊಂಡಿದ್ದೆ, ಅರ್ಧ ನಲ್ಲಿ ಹಿಡ್ಕೊಂಡಿದೆ."

"ಹಾಗಾದ್ರೆ ಬೇಗ ಹೇಳ್ಬಿಡ್ತೀನಿ. ನಿಮ್ಮ ಕಾಗದ ಇನ್ನೂ ಬಂದಿಲ್ಲ ಅಂತ ನಮ್ಮ ಸಾಹೇಬ್ರು ನನ್ನ ತಲೆ ತಿಂತಿದಾರೆ. ತಿಂಗಳ ಕೊನೆಗೆ ಪಟ್ಟಿ ಮುಚ್ತಾರಂತೆ. ನಿಮ್ಮ ಸಹಿ ಇಲ್ದಿದ್ರೆ 'ದೀಪದ ಬೀದಿ' ಒಂದನ್ನ ಬಿಟ್ಟು ಉಳಿದ ಆಟಗಳನ್ನ ತುಂಬಿ ಪೆಟ್ಟಿಗೆ ಮಾರಾಟಕ್ಕೆ ಬಿಡ್ತಾರೆ."

"ನಾಳೆ ಹಾಕ್ತೀನಮ್ಮ."

"ಚಳಿಗಾಲದಿಂದ ನಾಳೆ ಅಂತಿದೀರಾ. ನಿಮ್ಮ ನಾಳೆಗೆ ಇಷ್ಟೊತ್ತಿಗೆ ಮೀಸೆ ಬಂದಿರುತ್ತೆ."

ರಫೂ ಅಮ್ಮನಿಗೆ ನಗು ಬಂತು. ಈ ಹುಡುಗಿಯನ್ನು ಅವಳು ಕಣ್ಣಿನಿಂದ ಕಂಡಿಲ್ಲ. ಆದರೂ ವಾರಕ್ಕೊಮ್ಮೆ ಬರುವ ಈ ದನಿಗೆ ಕಿವಿ ಹೊಂದಿಕೊಂಡಿತ್ತು. ಸಹಿ ಹಾಕಿ ಕಳಿಸಿದರೆ ಈ ಕರೆಯೂ ನಿಂತುಹೋಗುತ್ತದಲ್ಲ ಎಂಬ ಯೋಚನೆ ಒಮ್ಮೊಮ್ಮೆ ಸುಳಿಯುತ್ತಿತ್ತು. ಆದರೆ ಕಾಗದ ತಡವಾದದ್ದು ಅದಕ್ಕಲ್ಲ.

'ದೀಪದ ಬೀದಿ' ಅವಳೂ ಅವಳ ಯಜಮಾನರೂ ಸೇರಿ ಮಾಡಿದ ಆಟ. ಮಾಡಿದ್ದು ಅದೊಂದೇ. ಇಬ್ಬರೂ ಮೊದಲು ನೇಯ್ಗೆಯ ಗಿರಣಿಯಲ್ಲಿದ್ದವರು. ಹಾಸಿಗೆಯ ಹೊದಿಕೆಗೆ, ಪರದೆಗೆ ಬೇಕಾದ ಹೂವು ಬಳ್ಳಿಗಳನ್ನು ಚೌಕದ ಕಾಗದದ ಮೇಲೆ ಒಂದೊಂದೇ ಮನೆ ತುಂಬಿ ಬರೆಯುವುದು ಅವಳ ಕೆಲಸ. ಆ ಚೌಕಗಳನ್ನು ನೋಡಿಕೊಂಡು, ಯಾವ ನೂಲು ಏಳಬೇಕೆಂದು ಮಗ್ಗಕ್ಕೆ ತಿಳಿಸುವ ರಟ್ಟಿನಲ್ಲಿ ತೂತು ಹೊಡೆಯುವುದು ಅವರ ಕೆಲಸ. ಅವಳು ಬರೆದದ್ದು ಅವರ ಕೈಯಿಂದ ಹಾದು ಬಟ್ಟೆಯಾಗುತ್ತಿತ್ತು. ಗಿರಣಿಯಲ್ಲಿ ತೂತು ಹೊಡೆಯುವವರು ಬೇಡವಾದ ಕಾಲಕ್ಕೆ ಅವರು ಪುಸ್ತಕ ಇಟ್ಟುಕೊಂಡು ಪ್ರೋಗ್ರಾಮು ಬರೆಯುವುದನ್ನು ಕಲಿತರು. "ಇದೂ ತೂತು ಹೊಡೆಯೋದೇ ಕಣೇ, ರಟ್ಟು ಕಾಣೋದಿಲ್ಲ ಅಷ್ಟೆ" ಎನ್ನುತ್ತಿದ್ದರು. ಆಟಿಕೆ ಮಾಡುವ ಒಬ್ಬ ವ್ಯಾಪಾರಿ, ಟಿವಿಗೆ ಹಚ್ಚುವ ಆಟದ ಪೆಟ್ಟಿಗೆಗೆ ಹೊಸ ಆಟ ಬೇಕೆಂದು ಕೇಳಿದ. ಅವಳು ಚೌಕದಲ್ಲಿ ಬೀದಿ, ಹೊಳೆ, ಮೋಡ, ಮನುಷ್ಯರನ್ನು ಬರೆದಳು. ಅವರು ಅದಕ್ಕೆ ಜೀವ ಹಾಕಿದರು.

ಆಟ ಇಷ್ಟೆ. ಹೊಳೆಯ ದಂಡೆಯ ಬೀದಿಯಲ್ಲಿ ಒಬ್ಬ ಏಣಿ ಹೊತ್ತು ದೀಪ ಹಚ್ಚುತ್ತಾ ಹೋಗುತ್ತಾನೆ. ಅವನ ಜೊತೆಗೆ ಒಬ್ಬಳು ಎಣ್ಣೆಯ ಡಬ್ಬಿ ಹಿಡಿದು ಬರುತ್ತಾಳೆ. ಅವಳು ಎಣ್ಣೆ ಹೊಯ್ಯದೆ ಅವನು ಹಚ್ಚುವಂತಿಲ್ಲ, ಅವನು ಏಣಿ ಇಡದೆ ಅವಳು ಹೊಯ್ಯುವಂತಿಲ್ಲ. ಒಬ್ಬರೇ ಕೂತು ಆಡಲು ಬಾರದ ಆಟ. ವ್ಯಾಪಾರಿ ಅದಕ್ಕೇ ಮೂತಿ ತಿರುವಿದ್ದ. ಕ್ಯಾಸೆಟ್ಟುಗಳು ಒಂದಷ್ಟು ಮಾರಾಟವಾಗಿ, ಉಳಿದವು ಗೋದಾಮು ಸೇರಿ, ಆತನೂ ಅಂಗಡಿ ಮುಚ್ಚಿ ಹೋದ. ಈಗ ಯಾವುದೋ ಹೊಸ ಕಂಪನಿ ಆ ಹಳೆಯ ಪೆಟ್ಟಿಗೆಯನ್ನೇ ಅಂಗೈಯಗಲ ಮಾಡಿ, ಹಳೆಯ ಆಟಗಳನ್ನೆಲ್ಲ ಅದರೊಳಗೆ ತುಂಬಿ ಮಾರಲು ಹೊರಟಿತ್ತು.

ಒಪ್ಪಿಗೆ ಪತ್ರದ ಜೊತೆಗೆ ಅವರು ಮಾದರಿಯ ಪೆಟ್ಟಿಗೆಯನ್ನೂ ಕಳಿಸಿದ್ದರು. ನೋಡಲು ಅದೇ ಬಣ್ಣ, ಅದೇ ಮೂಲೆ. ಆದರೆ ಕ್ಯಾಸೆಟ್ಟು ಹಾಕುವ ಬಾಗಿಲು ಬರೀ ಗೆರೆ, ತೆರೆಯುವುದಿಲ್ಲ. ಗೊಂಬೆಮನೆಯ ಕಿಟಕಿಯ ಹಾಗೆ. ಮೇಲಿನ ಮನೆಯವರ ಟಿವಿಗೆ ಅದನ್ನು ಹಚ್ಚಿ ನೋಡಿದ್ದಳು. ಅವರ ಟಿವಿ ಮಂಚದಷ್ಟು ಅಗಲ, ರೊಟ್ಟಿಯಷ್ಟು ತೆಳು. ಅದರ ಮೇಲೆ ಅವಳ ಚೌಕಗಳೆಲ್ಲ ಹಲ್ಲು ಕಿರಿದುಕೊಂಡು ಕೂತಿದ್ದವು. ಹಳೆಯ ಡಬ್ಬಾ ಟಿವಿಯಲ್ಲಿ ಬಣ್ಣ ಬಣ್ಣಕ್ಕೆ ಅಂಟಿ ಹರಡುತ್ತಿತ್ತು. ಅದನ್ನು ನಂಬಿಯೇ ಅವಳು ಹೊಳೆಯ ಮೇಲೆ ಒಂದು ಸಾಲು ನೀಲಿ, ಒಂದು ಸಾಲು ಖಾಲಿ ಬಿಟ್ಟಿದ್ದಳು. ಆಗ ಅದು ತಳ ಕಾಣುವ ತಿಳಿನೀರು. ಈಗ ನೋಡಿದರೆ ಹೊಳೆಗೆ ಜೈಲಿನ ಕಂಬಿ ಹಾಕಿದಂತಿತ್ತು. ಎಣ್ಣೆಯವಳ ಕೆನ್ನೆಗೆ ಹಚ್ಚಿದ್ದ ಕೆಂಪು ಚುಕ್ಕಿಗಳು ರಂಗಾಗದೆ ಸಿಡುಬಿನ ಕಲೆಯಾಗಿದ್ದವು.

ಅದನ್ನಾದರೂ ಸಹಿಸಬಹುದಿತ್ತು. ದೀಪ ಹಚ್ಚುವವನು ನಡೆಯತೊಡಗಿದಾಗ ಅವಳು ಟಿವಿಯ ಹತ್ತಿರಕ್ಕೆ ಸರಿದಳು. ಅವನು ನೆಟ್ಟಗೆ ನಡೆಯುತ್ತಿದ್ದ. ಕವಾಯತಿನ ಸಿಪಾಯಿಯ ಹಾಗೆ.

ನಡಿಗೆಗೆ ಅವಳು ನಾಲ್ಕು ಚಿತ್ರ ಬರೆದಿದ್ದಳು. ಮೂರನೆಯದರಲ್ಲಿ, ಎಡಗಾಲು ಊರಿದಾಗ, ತಲೆಯೂ ಹೆಗಲೂ ಒಂದು ಚೌಕ ಕೆಳಗೆ ಇಳಿಯುತ್ತಿದ್ದವು. ಅವಳ ಯಜಮಾನರು ಹಾಗೆ ನಡೆಯುತ್ತಿದ್ದರು. ಚಿಕ್ಕಂದಿನಲ್ಲಿ ಜ್ವರ ಬಂದು ಅವರ ಎಡಗಾಲು ಸೊರಗಿತ್ತು. ಆ ಮಾತನ್ನು ಅವರ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ, ಅವರೂ ಆಡಲಿಲ್ಲ, ಮದುವೆಯಾಗಿ ಬಂದ ಮೇಲೆ ಅವಳೂ ಆಡಲಿಲ್ಲ. ಜೊತೆಗೆ ಹೊರಟರೆ ಅವರು ಬೂಟಿನ ದಾರ ಕಟ್ಟಲು ಬಗ್ಗುವರು, ಇಲ್ಲವೇ ಯಾವುದಾದರೂ ಅಂಗಡಿಯ ಗಾಜು ನೋಡುತ್ತ ನಿಲ್ಲುವರು. "ನೀನು ಹೋಗ್ತಾ ಇರು, ಬಂದೆ." ಹೊಸದರಲ್ಲಿ ಒಮ್ಮೆ ಅವಳು ಹೋಗದೆ ನಿಂತು, ಅವರು ಬರುವುದನ್ನು ನೋಡಿದ್ದಳು. ಆ ದಿನವೆಲ್ಲ ಅವರ ಮುಖ ಗಂಟಾಗಿತ್ತು. ಆಮೇಲೆ ಅವಳು ನಿಲ್ಲಲಿಲ್ಲ. ಬದುಕಿನುದ್ದಕ್ಕೂ ನಾಲ್ಕು ಹೆಜ್ಜೆ ಮುಂದೆ ನಡೆದಳು.

ಮೂರನೆಯ ಚಿತ್ರವನ್ನು ಬೇಕೆಂದು ಬರೆದಳೋ, ಕೈ ತಾನಾಗಿ ಇಳಿಯಿತೋ ಅವಳಿಗೇ ತಿಳಿಯದು. ಅವರು ಕಾಗದವನ್ನು ಬಹಳ ಹೊತ್ತು ನೋಡಿ, "ಇದು ಸರಿಯಿದೆಯಾ?" ಎಂದರು. "ಇದೆ" ಎಂದಳು. "ಸರಿ" ಎಂದು ಒಯ್ದರು. ಅಷ್ಟೇ ಆದದ್ದು.

"ಅಮ್ಮಾ, ಇದೀರಾ?"

"ಇದೀನಮ್ಮ. ಅವನ ನಡಿಗೆ ನೀವು ತಿದ್ದಿದೀರಲ್ಲ..."

"ಅದೇನು ದೊಡ್ಡದಲ್ಲ ಬಿಡಿ. ಒಂದು ಚಿತ್ರ ಜಾರಿತ್ತು, ಮೇಲಕ್ಕೆ ಎತ್ತಿದ್ವಿ. ನೀರಿಗೂ ಒಂದು ಉಪಾಯ ಮಾಡಿದೀವಿ. ಬೇಕಾದವರು ಒಂದು ಗುಂಡಿ ಒತ್ತಿದ್ರೆ ಹಳೇ ಟಿವಿ ಥರ ಗೆರೆ ಬರುತ್ತೆ."

"ನೋಡಿದೆ. ಸೊಳ್ಳೆಪರದೆ ಹೊದಿಸಿದ ಹಾಗಿದೆ."

ಹುಡುಗಿ ಗೊಳ್ಳೆಂದು ನಕ್ಕಳು. "ಇದನ್ನ ಹೀಗೇ ಸಾಹೇಬರಿಗೆ ಹೇಳ್ತೀನಿ. ಅಮ್ಮಾ, ಇನ್ನೊಂದು ತಪ್ಪೂ ಸಿಕ್ತು, ಅದನ್ನೂ ತೆಗೆದ್ವಿ. ಇಬ್ಬರೂ ಅಕ್ಕಪಕ್ಕ ನಡೆಯುವಾಗ ಎಣ್ಣೆಯವಳು ತಡವರಿಸ್ತಿದ್ಲು. ಎರಡು ಹೆಜ್ಜೆ ಇಟ್ಟು ಸ್ವಲ್ಪ ನಿಲ್ಲೋಳು, ಮತ್ತೆ ಹೋಗೋಳು."

"ಅದು ಗೊತ್ತು. ಇಬ್ಬರು ಒಟ್ಟಿಗೆ ಬಂದ್ರೆ ಆ ಮಷೀನಿಗೆ ಏದುಸಿರು. ಪಾಪ, ಅದರ ಶಕ್ತಿ ಅಷ್ಟೇ ಇತ್ತು."

"ನಾವೂ ಹಾಗೇ ಅಂದ್ಕೊಂಡ್ವಿ. ಆದರೆ ಮಷೀನಿಗೆ ಭಾರ ಆದ್ರೆ ಎಲ್ಲಾ ನಿಧಾನ ಆಗ್ಬೇಕಲ್ವಾ? ಮೋಡ, ಹೊಳೆ, ಎಲ್ಲಾನೂ. ಇಲ್ಲಿ ಅವಳೊಬ್ಬಳೇ ನಿಲ್ತಾಳೆ. ಯಾರೋ ಕೂತ್ಕೊಂಡು ಬರೆದಿರೋ ಹಾಗಿದೆ. ಯಾಕೆ ಬರೆದ್ರೋ ನಮ್ಮಲ್ಲಿ ಯಾರಿಗೂ ತಲೆಬುಡ ಹತ್ತಲಿಲ್ಲ. ಆಡೋರು ದೂರ್ತಾರೆ ಅಂತ ತೆಗೆದ್ವಿ. ಸರಿ ಅಮ್ಮ, ಹೊದಿಕೆ ನೋಡ್ಕೊಳ್ಳಿ. ತಿಂಗಳ ಕೊನೆ, ಮರೀಬೇಡಿ."

ಹಿಂದಿರುಗಿ ನೋಡಿದರೆ ಹೊದಿಕೆ ಪೂರ್ತಿ ಬಿಚ್ಚಿಕೊಂಡು ಬಕೆಟ್ಟಿನಲ್ಲಿ ಮಲಗಿತ್ತು. ಅವಳು ಅದರ ಪಕ್ಕದಲ್ಲಿ ಸಣ್ಣ ಮಣೆಯ ಮೇಲೆ ಕೂತಳು. ಮತ್ತೆ ಹಿಂಡಲು ಕೈ ಹೋಗಲಿಲ್ಲ.

ಭಾನುವಾರ ದೊಡ್ಡ ನಾದಿನಿ ಬಂದಳು. ಯಜಮಾನರ ಅಕ್ಕ. ಮೊಣಕಾಲು ಸವೆದಿದ್ದರೂ ನಾಲಿಗೆ ಸವೆದಿರಲಿಲ್ಲ. ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದ್ದ, ಕಂಪನಿಯವರು ತಮ್ಮ ವಿಳಾಸದ ಚೀಟಿ ಅಂಟಿಸಿ ಕಳಿಸಿದ್ದ ಲಕೋಟೆ ಕಣ್ಣಿಗೆ ಬಿದ್ದದ್ದೇ ತಡ, ಶುರುಮಾಡಿದಳು.

"ಇದಿನ್ನೂ ಇಲ್ಲೇ ನೇತಾಡ್ತಿದೆಯಾ? ಒಂದು ಸಹಿ ಗೀಚೋಕೆ ಏನು ಧಾಡಿ ನಿಂಗೆ?"

"ಅವರ ನಡಿಗೆ ತೆಗೆದುಬಿಟ್ಟಿದಾರೆ ಅತ್ತಿಗೆ."

"ಯಾವ ನಡಿಗೆ?"

ರಫೂ ಅಮ್ಮ ಬೆರಳುಗಳನ್ನು ಮೇಜಿನ ಮೇಲೆ ನಡೆಸಿ ತೋರಿಸಿದಳು. ಒಂದು, ಎರಡು, ಮೂರನೆಯದಕ್ಕೆ ಮಣಿಕಟ್ಟು ತಗ್ಗಿಸಿದಳು. ನಾದಿನಿಯ ಮುಖದ ನೆರಿಗೆಗಳೆಲ್ಲ ಒಂದು ಕಡೆಗೆ ಬಂದವು.

"ನೀನು ಅದನ್ನ ಆಟದಲ್ಲಿ ಬರೆದಿದ್ಯಾ? ಊರೆಲ್ಲಾ ನೋಡೋ ಆಟದಲ್ಲಿ?"

"ಯಾರಿಗೂ ಗೊತ್ತಾಗ್ಲಿಲ್ಲ."

"ಗೊತ್ತಾಗದೇ ಇದ್ರೆ ಒಳ್ಳೇದೇ ಆಯ್ತು. ನಮ್ಮಮ್ಮ ಸಾಯೋವರೆಗೂ ಅವನ ಎಡಗಾಲಿನ ಬೂಟಿಗೆ ತಾನೇ ಒಳಗಿಂದ ಬಟ್ಟೆ ಹೊಲಿದು ಹಾಕ್ತಿದ್ಲು, ಅಂಗಡಿಯವನಿಗೂ ತಿಳೀಬಾರದು ಅಂತ. ಅವನು ಅಷ್ಟು ಮುಚ್ಚಿಟ್ಟದ್ದನ್ನ ನೀನು ಹೊರಗೆ ಹಾಕಿ ಕುಣಿಸ್ತೀಯಾ?" ದನಿ ತಗ್ಗಿಸಿದಳು. "ನೋಡೇ, ಈಗ ಅವನು ನೆಟ್ಟಗೆ ನಡೀತಾನೆ ಅಂದ್ರೆ ನಿಂಗೇನು ನಷ್ಟ? ಬದುಕಿದ್ದಾಗ ಆಗಲಿಲ್ಲ. ಈಗಲಾದ್ರೂ ನಡೀಲಿ ಬಿಡು."

ಚಳಿಗಾಲದಿಂದ ಪೆನ್ನು ಹಿಡಿದಾಗಲೆಲ್ಲ ಈ ಮಾತೇ ಅಡ್ಡ ಬರುತ್ತಿತ್ತು, ನಾದಿನಿ ಈಗ ಬಾಯಿಬಿಟ್ಟು ಆಡಿದಳು ಅಷ್ಟೆ. ಸುಮ್ಮನೆ ಸಹಿ ಹಾಕಿದರೆ ಯಾರದೋ ಕಾಲಿನಲ್ಲಿ ನಡೆಯುವ ಒಬ್ಬ ಮನುಷ್ಯ ಲೋಕಕ್ಕೆ ಹೋಗುತ್ತಾನೆ. ಹಾಕದಿದ್ದರೆ ಅವರ ನಡಿಗೆ ಮನೆಯ ಕಪಾಟಿನ ಮೇಲೆ ಸತ್ತು ಬಿದ್ದಿರುವ ಹಳೆಯ ಆಟದ ಪೆಟ್ಟಿಗೆಯಲ್ಲೇ ಕೊಳೆಯುತ್ತದೆ. ಹಳೆಯದನ್ನೇ ಇಡಿ ಎಂದು ಬರೆಯಬೇಕಾದರೆ ಯಾಕೆ ಎಂದು ಬರೆಯಬೇಕು. ಆ ಒಂದು ಪದವನ್ನು ಅವರ ಎದುರಿಗೆ ಅವಳು ಒಮ್ಮೆಯೂ ಆಡಿದವಳಲ್ಲ. ಬೆನ್ನ ಹಿಂದೆ ಆಡುವುದೆಂದರೆ ಅವರಿಗೆ ಬೇಕಿತ್ತೇ? ಬೇಡವಾಗಿತ್ತೇ? ಕೇಳಲು ಯಾರಿದ್ದಾರೆ?

ನಾದಿನಿ ಹೊರಟಳು. ಬೀದಿಯ ತಿರುವಿನವರೆಗೆ ರಫೂ ಅಮ್ಮ ಅವಳನ್ನು ಕಳಿಸಿಬಂದಳು. ಬರುವಾಗ ಹುಡುಗಿ ಹೇಳಿದ ಮಾತು ಹಲ್ಲಿನ ಸಂದಿಯ ನಾರಿನಂತೆ ಮತ್ತೆ ಮತ್ತೆ ತಗುಲಿತು. ಅವಳೊಬ್ಬಳೇ ನಿಲ್ತಾಳೆ.

ಮರುದಿನ ಕುರ್ಚಿ ಹತ್ತಿ ಕಪಾಟಿನ ಮೇಲಿನಿಂದ ಹಳೆಯ ಪೆಟ್ಟಿಗೆಯನ್ನು ಇಳಿಸಿದಳು. ಕ್ಯಾಸೆಟ್ಟನ್ನೂ ಎರಡು ಜಾಯ್‌ಸ್ಟಿಕ್ಕುಗಳನ್ನೂ ಟವೆಲ್ಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿ, ಟಿವಿ ರಿಪೇರಿಯವನ ಅಂಗಡಿಗೆ ನಡೆದಳು. ಆತ ಅವಳಿಗಿಂತ ಹತ್ತಾರು ವರ್ಷ ಚಿಕ್ಕವನಿರಬೇಕು, ಆದರೂ ಹುಬ್ಬೂ ನರೆತಿತ್ತು. ಅಂಗಡಿಯೆಂದರೆ ಹಿಂಬದಿ ಬಿಚ್ಚಿದ ರೇಡಿಯೊ, ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳ ನಡುವೆ ಒಬ್ಬ ಮನುಷ್ಯ ಕೂರುವಷ್ಟು ಜಾಗ. ಕಾದ ಸೀಸದ ವಾಸನೆ. ಗೋಡೆಯ ಬದಿಗೆ ಒಂದು ಡಬ್ಬಾ ಟಿವಿ. ಯಾರೋ ರಿಪೇರಿಗೆ ಬಿಟ್ಟು, ಹೊಸದು ಕೊಂಡು, ಇತ್ತ ತಲೆ ಹಾಕಿರಲಿಲ್ಲವಂತೆ.

"ಏನಕ್ಕ ಇದು, ಮ್ಯೂಸಿಯಮ್ಮಿಂದ ಹಾರಿಸ್ಕೊಂಡು ಬಂದ್ರಾ?"

"ನಡೆಯೋ ಹಾಗೆ ಮಾಡ್ತೀರಾ?"

ಆತ ನಾಲ್ಕು ತಿರುಪು ಬಿಚ್ಚಿ ಒಳಗೆ ಬೆಳಕು ಬಿಟ್ಟ. ಹಸಿರು ಹಲಗೆಯ ಒಂದು ಮೂಲೆಯಲ್ಲಿ ಕಂದು ಅಂಟು ಸುರಿದಿತ್ತು. "ಮೈಕಟ್ಟು ಚೆನ್ನಾಗಿದೆ. ಒಳಗೆ ಮಾತ್ರ ನನ್ನ ಹಾಗೆ, ಎಲ್ಲಾ ಸೋರ್ತಿದೆ. ನೋಡಿ, ಈ ಪುಟ್ಟ ಡಬ್ಬಿಗಳು ಕೆಪಾಸಿಟರು. ಹೊಟ್ಟೆ ಉಬ್ಬಿ ಒಡೆದಿವೆ. ಬದಲಾಯಿಸಿದ್ರೆ ಎದ್ದು ಕೂರಬಹುದು, ಕೂರದೇನೂ ಇರಬಹುದು. ಮಾತು ಕೊಡಲ್ಲ."

"ಬೇಡ. ಕೆಲಸ ಮಾಡಿಕೊಡಿ ಸಾಕು."

ಅವಳು ಕ್ಯಾಸೆಟ್ಟನ್ನು ಚೀಲದಿಂದ ತೆಗೆದು, ಹಿಂದೆ ಮಾಡುತ್ತಿದ್ದ ಹಾಗೆ ಬಾಯಿಗೆ ಹಿಡಿದು ಊದಹೊರಟಳು. ಆತ ಕೂಗಿಬಿಟ್ಟ. "ಊದಬೇಡಿ ಅಕ್ಕಾ! ಎಲ್ಲರೂ ಊದಿ ಊದೀನೇ ಇವನ್ನ ಕೊಂದದ್ದು. ಉಸಿರಿನ ತೇವಕ್ಕೆ ತಾಮ್ರ ಕಪ್ಪಾಗುತ್ತೆ." ಕಡ್ಡಿಗೆ ಹತ್ತಿ ಸುತ್ತಿ ಸ್ಪಿರಿಟ್ಟಿನಲ್ಲಿ ಅದ್ದಿ ಅವಳ ಕೈಗೇ ಕೊಟ್ಟ. ಅವಳು ಕ್ಯಾಸೆಟ್ಟಿನ ಬಾಯಿಯ ಲೋಹದ ಹಲ್ಲುಗಳನ್ನು ಒಂದೊಂದಾಗಿ ಉಜ್ಜಿದಳು. ಹತ್ತಿ ಕಪ್ಪಾಗಿ ಬಂತು. ಇನ್ನೊಂದು ಕಡ್ಡಿ ಕೇಳಿದಳು, ಅದೂ ಕಪ್ಪಾಯಿತು. ಮತ್ತೊಂದು ಕೇಳಿದಳು. ರಫೂ ಮಾಡುವ ಕೈಗೆ ಅವಸರವಿಲ್ಲ.

ಕೆಪಾಸಿಟರುಗಳು ಸಿಕ್ಕಿ, ಕೂತು, ಪೆಟ್ಟಿಗೆ ಎದ್ದದ್ದು ಆ ವಾರದ ಕೊನೆಗೆ. ಮೊದಲ ಸಲ ಹಚ್ಚಿದಾಗ ಪರದೆಯ ತುಂಬ ಬೂದಿ. ಆತ ಟಿವಿಯ ನೆತ್ತಿಗೆ ಒಂದು ಏಟು ಕೊಟ್ಟ. "ಕ್ಷಮಿಸಪ್ಪ" ಎಂದು ಅಲ್ಲೇ ಸವರಿದ. ಕ್ಯಾಸೆಟ್ಟನ್ನು ತೆಗೆದು ಮತ್ತೆ ಒತ್ತಿದ. ಬೂದಿಯೊಳಗಿಂದ ಬೀದಿ ಮೇಲೆದ್ದು ಬಂತು.

ಹೊಳೆ ತಿಳಿಯಾಗಿತ್ತು. ಅದರ ತಳದ ಕಲ್ಲು ಕಾಣುತ್ತಿತ್ತು. ಎಣ್ಣೆಯವಳ ಕೆನ್ನೆ ಕೆಂಪಾಗಿತ್ತು, ಕಲೆಯಿರಲಿಲ್ಲ. ರಫೂ ಅಮ್ಮ ಸ್ಟೂಲನ್ನು ಮುಂದೆ ಎಳೆದುಕೊಂಡಳು.

"ನೀವು ದೀಪದವನನ್ನ ಹಿಡೀರಿ" ಎಂದಳು.

"ನಾನಾ? ರಿಪೇರಿ ಮಾಡ್ತೀನಕ್ಕ, ಆಡೋಕೆ ಬರಲ್ಲ."

"ಬಲಕ್ಕೆ ಒತ್ತಿ, ಸಾಕು."

ಆತ ಒತ್ತಿದ. ಏಣಿ ಹೊತ್ತವನು ಹೊರಟ. ಒಂದು, ಎರಡು, ಮೂರನೆಯದಕ್ಕೆ ತಲೆ ತಗ್ಗಿ ಮತ್ತೆ ಎದ್ದಿತು. ಈ ನಡಿಗೆಯನ್ನು ಅವಳು ಬದುಕಿನಲ್ಲಿ ಹೆಚ್ಚು ನೋಡಿದವಳಲ್ಲ. ಬೆನ್ನ ಹಿಂದೆ ಬರುವ ಸಪ್ಪಳವಾಗಿ ಕೇಳಿದವಳು.

ತನ್ನ ಕೈಯ ಎಣ್ಣೆಯವಳನ್ನು ಅವನ ಪಕ್ಕಕ್ಕೆ ತಂದಳು. ಇಬ್ಬರೂ ನಡೆದರು. ಎಣ್ಣೆಯವಳು ಎರಡು ಹೆಜ್ಜೆ ಇಟ್ಟಳು, ನಿಂತಳು, ಮತ್ತೆ ನಡೆದಳು.

"ಏದುಸಿರು" ಎಂದ ರಿಪೇರಿಯವನು. "ವಯಸ್ಸಾಯ್ತಲ್ಲ ಮಷೀನಿಗೆ."

ರಫೂ ಅಮ್ಮ ಮೋಡ ನೋಡುತ್ತಿದ್ದಳು. ಮೋಡ ತನ್ನ ಪಾಡಿಗೆ ತಾನು ತೇಲುತ್ತಿತ್ತು. ಹೊಳೆಯೂ ನಿಲ್ಲಲಿಲ್ಲ. ಎಣ್ಣೆಯವಳು ಮತ್ತೆ ನಿಂತಳು. ಸರಿಯಾಗಿ ಅವನ ತಲೆ ತಗ್ಗಿದಾಗ ನಿಂತಳು. ಅವನು ಎದ್ದು ಮುಂದಿನ ಹೆಜ್ಜೆ ಕಿತ್ತಾಗ ಹೊರಟಳು.

"ನೀವು ಸ್ವಲ್ಪ ನಿಂತುಕೊಳ್ಳಿ" ಎಂದು ತಾನೊಬ್ಬಳೇ ಮುಂದಕ್ಕೆ ಹೋದಳು. ಎಣ್ಣೆಯವಳು ಸರಸರನೆ, ಎಲ್ಲಿಯೂ ತಡೆಯದೆ ನಡೆದಳು. ಹಿಂದಕ್ಕೆ ಕರೆತಂದು ಪಕ್ಕದಲ್ಲಿ ನಿಲ್ಲಿಸಿದಳು. "ಈಗ ಬನ್ನಿ." ಮತ್ತೆ ಅದೇ. ಅವನಿಗೆ ತಗ್ಗು, ಅವಳಿಗೆ ತಡೆ.

ಆಟ ಮಾಡಿದ ದಿನಗಳಲ್ಲಿ ಇದನ್ನು ಎಷ್ಟು ಸಲ ನೋಡಿದ್ದಳು! ಆಗಲೂ ಜಾಯ್‌ಸ್ಟಿಕ್ಕು ಕುಲುಕಿ, "ಏನ್ರೀ ಇದು, ನನ್ನವಳು ಮುಗ್ಗರಿಸ್ತಾಳೆ" ಎಂದಿದ್ದಳು. ಅವರು ಪರದೆಯಿಂದ ಕಣ್ಣು ತೆಗೆಯದೆ, "ಮಷೀನು ಕಣೇ, ಇಬ್ಬರ ಭಾರ ಹೊರಲ್ಲ" ಎಂದಿದ್ದರು. ಅವಳು ನಂಬಿದ್ದಳು. ಅವರು ಹೇಳಿದ್ದನ್ನು ನಂಬದಿರಲು ಕಾರಣವೇ ಇರಲಿಲ್ಲ.

ರಿಪೇರಿಯವನಿಗೂ ಈಗ ಕಂಡಿತು. "ಅರೇ! ಇವಳು ಅವನಿಗೆ ಕಾಯ್ತಿದಾಳೆ ಕಣಕ್ಕ. ಒಳ್ಳೇ ಹೆಂಡ್ತಿ. ನಮ್ಮನೆಯವಳಾಗಿದ್ರೆ ಇಷ್ಟೊತ್ತಿಗೆ ಬಸ್ಸು ಹತ್ತಿ, ಸೀಟು ಹಿಡಿದು, ಕಿಟಕಿಯಿಂದ ಬಯ್ಯೋಕೆ ಶುರು ಮಾಡಿರೋಳು."

ಅವಳು ನಗಲಿಲ್ಲ. ಆತ ಅವಳ ಮುಖ ನೋಡಿ, ಏನೋ ತಿಳಿದವನಂತೆ ಜಾಯ್‌ಸ್ಟಿಕ್ಕನ್ನು ಮೆಲ್ಲಗೆ ಅವಳ ತೊಡೆಯ ಮೇಲಿಟ್ಟ. ಹೊರಗೆ ಯಾರೋ ಮಿಕ್ಸಿ ತಂದು ನಿಂತಿದ್ದರು. ಎದ್ದು ಹೋದ.

ಅವಳು ಎಡಗೈಯಲ್ಲಿ ಅವನನ್ನೂ ಬಲಗೈಯಲ್ಲಿ ಅವಳನ್ನೂ ಹಿಡಿದಳು. ಎರಡು ಹೆಬ್ಬೆರಳಿನಿಂದ ಒಟ್ಟಿಗೆ ಬಲಕ್ಕೆ ಒತ್ತಿದಳು. ಇಬ್ಬರೂ ಹೊಳೆಯ ದಂಡೆ ಹಿಡಿದು ನಡೆದರು. ದೀಪದ ಕಂಬಗಳು ಬಂದವು, ಹೋದವು. ಹಚ್ಚಲು ಅವಳಲ್ಲಿ ಮೂರನೆಯ ಕೈಯಿರಲಿಲ್ಲ. ಹಚ್ಚುವ ಮನಸ್ಸೂ ಇರಲಿಲ್ಲ. ತಗ್ಗು, ತಡೆ. ತಗ್ಗು, ತಡೆ. ಬೀದಿಯಲ್ಲಿ ಒಂದು ದಿನವೂ ಹೀಗೆ ಪಕ್ಕದಲ್ಲಿ ನಡೆಯಲು ಬಿಡದ ಮನುಷ್ಯ, ಯಾರೂ ಕೇಳದೆ, ಯಾರಿಗೂ ಹೇಳದೆ, ಇದನ್ನು ಕೂತು ಬರೆದಿದ್ದ. ಅವಳ ಮೂರನೆಯ ಚಿತ್ರ ಕಂಡಿದ್ದ. ಕಂಡು, ಅದರ ಪಕ್ಕದಲ್ಲಿ ಅವಳನ್ನು ನಿಲ್ಲಿಸಿದ್ದ.

ಇದು ಪ್ರೀತಿಯೋ, ದೂರೋ? ನೀನೂ ಹೀಗೆ ನಿಲ್ಲಬಹುದಿತ್ತು ಎಂದೋ, ಇಲ್ಲಾದರೂ ನಿಲ್ಲು ಎಂದೋ? ಬೀದಿಯ ಕೊನೆ ಬಂದು ಪರದೆ ಕಪ್ಪಾಗುವವರೆಗೆ ಯೋಚಿಸಿದಳು. ಎರಡೂ ಇರಬಹುದು. ಈಗ ಹಿಂದೆ ಯಾವ ಸಪ್ಪಳವೂ ಇಲ್ಲ, ನಿಂತು ಕಾದರೂ ಬರುವವರಿಲ್ಲ. ಅಂಗಡಿಯೊಳಗೆ ಡಬ್ಬಾ ಟಿವಿ ಸಣ್ಣಗೆ ಗುಂಯ್ಗುಡುತ್ತಿತ್ತು. ಹೊರಗೆ ಮಿಕ್ಸಿಯವಳು ರಿಪೇರಿಯವನೊಡನೆ ಚೌಕಾಸಿ ಮಾಡುತ್ತಿದ್ದಳು.

ಒಂದು ಮಾತ್ರ ಖಚಿತವಾಗಿತ್ತು. ಮುಚ್ಚಿಡಬೇಕೆಂದಿದ್ದರೆ ಅವರು ಆ ಚಿತ್ರವನ್ನು ತಾವೇ ಒಂದು ಚೌಕ ಮೇಲಕ್ಕೆ ಎತ್ತಬಹುದಿತ್ತು. ಎತ್ತುವುದು ಎಷ್ಟು ಸುಲಭವೆಂದು ಕಂಪನಿಯವರು ತೋರಿಸಿಯೇ ಕೊಟ್ಟಿದ್ದರಲ್ಲ.

ಮರುದಿನ ಬೆಳಿಗ್ಗೆ ಲಾಂಡ್ರಿಯವರ ಕೋಟಿನ ರಫೂ ಕೆಲಸವನ್ನು ಪಕ್ಕಕ್ಕೆ ಸರಿಸಿ ಮೇಜು ಒರೆಸಿದಳು. ಲಕೋಟೆಯನ್ನು ಮೊಳೆಯಿಂದ ಬಿಡಿಸಿದಳು. ಒಪ್ಪಿಗೆ ಪತ್ರವನ್ನು ಬದಿಗಿಟ್ಟು ಬೇರೆ ಹಾಳೆ ತೆಗೆದುಕೊಂಡಳು. 'ನಮ್ಮ ಯಜಮಾನರಿಗೆ ಕಾಲಿನ ಸ್ವಲ್ಪ ತೊಂದರೆ' ಎಂದು ಶುರುಮಾಡಿ ಹರಿದಳು. ತೊಂದರೆಯೆಂದು ಅವರು ಎಂದೂ ಹೇಳಿದವರಲ್ಲ. 'ಅವರ ನಡಿಗೆ ಬೇರೆ ರೀತಿಯದು' ಎಂದು ಬರೆದು ಅದನ್ನೂ ಹರಿದಳು. ಬೇರೆ ರೀತಿ ಎಂದರೆ ಕಂಪನಿಯವರಿಗೆ ಏನು ತಿಳಿಯಬೇಕು? ಚಹಾ ಮಾಡಿಕೊಂಡು ಬಂದಳು, ಅದು ಆರಿತು. ಕೊನೆಗೆ, ಇದ್ದದ್ದನ್ನು ಇದ್ದ ಹಾಗೆ, ಚೌಕ ತುಂಬುವ ಹಾಗೆ ಒಂದೊಂದೇ ಅಕ್ಷರ ಕೂರಿಸಿದಳು.

'ದೀಪ ಹಚ್ಚುವವನ ಮೂರನೆಯ ಚಿತ್ರದಲ್ಲಿ ತಲೆ ಒಂದು ಚೌಕ ಕೆಳಗಿರುವುದು ತಪ್ಪಲ್ಲ. ಹಾಗೆ ಬರೆದವಳು ನಾನು. ನನ್ನ ಯಜಮಾನರು ಕುಂಟುತ್ತಿದ್ದರು. ಎಣ್ಣೆಯವಳು ಅವನ ಪಕ್ಕದಲ್ಲಿ ನಿಂತು ನಿಂತು ನಡೆಯುವುದೂ ತಪ್ಪಲ್ಲ. ಹಾಗೆ ಬರೆದವರು ಅವರು. ಮೊದಲಿನ ಹಾಗೆ ಎರಡನ್ನೂ ಇಡುವುದಾದರೆ ನನ್ನ ಒಪ್ಪಿಗೆ ಇದೆ, ಸಹಿ ಮಾಡಿದ್ದೇನೆ. ಒಂದನ್ನು ಇಟ್ಟು ಒಂದನ್ನು ತೆಗೆಯುವುದಾದರೆ ನಮ್ಮ ಆಟ ಬಿಟ್ಟು ಉಳಿದವನ್ನು ಮಾರಿಕೊಳ್ಳಿ. ನೀರಿನ ವಿಷಯದಲ್ಲಿ ನಿಮಗೆ ತೋಚಿದಂತೆ ಮಾಡಿ.'

ಕುಂಟುತ್ತಿದ್ದರು ಎಂಬ ಪದವನ್ನು ಮತ್ತೆ ನೋಡಿದಳು. ಕಾಗದದ ಮೇಲೆ ಅದು ಉಳಿದ ಪದಗಳಷ್ಟೇ ಉದ್ದವಿತ್ತು. ಮನೆಯ ಗೋಡೆ ಬೀಳಲಿಲ್ಲ. ಒಮ್ಮೆ ಬಾಯಿಬಿಟ್ಟು ಓದಿದಳು, ಕೇಳುವವರು ಯಾರೂ ಇಲ್ಲದ ಕೋಣೆಯಲ್ಲಿ ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ಎರಡನ್ನೂ ಮಡಿಸಿ ಲಕೋಟೆಗೆ ಹಾಕಿ, ಅಂಟು ಹಚ್ಚಿ ಒತ್ತಿ ಹಿಡಿದಳು.

ಚಪ್ಪಲಿ ಮೆಟ್ಟುವಾಗ ಫೋನು ಹೊಡೆದುಕೊಂಡಿತು. ಈ ಸಲ ನಾದಿನಿ.

"ಏನೇ, ಸಹಿ ಹಾಕಿದ್ಯಾ?"

"ಹಾಕಿದೆ ಅತ್ತಿಗೆ. ಅಂಚೆಗೆ ಹೊರಟಿದೀನಿ."

"ಅಂತೂ ಬುದ್ಧಿ ಬಂತು. ನೆಟ್ಟಗೆ ನಡೀಲಿ ಅಂತ ತಾನೆ?"

"ಇಲ್ಲ. ಅವರು ನಡೀತಿದ್ದ ಹಾಗೇ ನಡೀಲಿ ಅಂತ."

ಬೈಗುಳ ಬರುತ್ತದೆಂದು ಅವಳು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದಳು. ಬರಲಿಲ್ಲ. "ಅವನು ಕೇಳಿದ್ರೆ ನೀನೇ ಉತ್ತರ ಹೇಳು" ಎಂದು ನಾದಿನಿ ಇಟ್ಟುಬಿಟ್ಟಳು. ದನಿ ಗದ್ಗದವಾಗಿತ್ತೋ, ಸಿಟ್ಟಿತ್ತೋ, ಫೋನಿನಲ್ಲಿ ತಿಳಿಯಲಿಲ್ಲ.

ಅಂಚೆ ಕಚೇರಿಯಲ್ಲಿ ರಿಜಿಸ್ಟರ್ ಮಾಡುವ ಕಿಂಡಿಯ ಮುಂದೆ ಸಾಲು ಇತ್ತು. ಅವಳ ಸರದಿ ಬಂದಾಗ ಗುಮಾಸ್ತ ಲಕೋಟೆಯನ್ನು ತಕ್ಕಡಿಗೆ ಹಾಕಿ, ಹಿಂದೆ ಮುಂದೆ ತಿರುಗಿಸಿದ.

"ಅಮ್ಮಾ, ಇದರ ಮೇಲೆ ಅವರೇ ಅಂಟಿಸಿರೋ ಚೀಟಿ ತುಂಬಾ ಹಳೇದು. ಬಿಸಿಲಿಗೆ ಬಣ್ಣಾನೇ ಹೋಗಿದೆ."

"ಗೋಡೆ ಮೇಲಿತ್ತಪ್ಪ."

"ವಿಳಾಸ ಅದೇ ತಾನೆ? ಕಂಪನಿ ಎದ್ದು ಹೋಗಿಲ್ವಲ್ಲ?"

"ಇಲ್ಲ. ವಾರವಾರ ಫೋನು ಮಾಡ್ತಾರೆ."

"ಹಾಗಾದ್ರೆ ಸರಿ." ಆತ ಹೊಸ ಚೀಟಿ ಅಂಟಿಸಿ ಮುದ್ರೆ ಎತ್ತಿದ. ಎತ್ತಿದವನು ಅವಳ ಮುಖ ನೋಡಿ ತಡೆದ. "ಒಳಗೆ ಇನ್ನೇನಾದ್ರೂ ಸೇರಿಸೋದಿದ್ರೆ ಈಗಲೇ ಹೇಳಿ. ಮುದ್ರೆ ಬಿದ್ದ ಮೇಲೆ ನನ್ನ ಕೈಲೂ ಇಲ್ಲ."

ಅವಳು ಒಂದು ಗಳಿಗೆ ಯೋಚಿಸಿದಳು.

"ಏನೂ ಇಲ್ಲ. ಹಾಕಿ."

ಮುದ್ರೆ ಬಿತ್ತು. ಗುಮಾಸ್ತ ಲಕೋಟೆಯನ್ನು ಹಿಂದಿನ ಗೋಣಿಚೀಲಕ್ಕೆ ಎಸೆದು, ರಸೀದಿ ಹರಿದು ಕಿಂಡಿಯಿಂದ ಹೊರಗೆ ದೂಡಿದ.